ಮೆಟ್ಟಿಲ ಕೆಳಗಿನ ಕೋಣೆಯ ಮುಖ್ಯಮಂತ್ರಿ: ಸಿಂಗಪುರದ ಡೇವಿಡ್ ಮಾರ್ಷಲ್

ಊರಿನಿಂದ ತಂದೆತಾಯಿಗಳೋ ಅತ್ತೆಮಾವಂದಿರೋ ಬಂದಾಗ ಸಿಂಗಪುರದ ಕನ್ನಡಿಗರು ಅವರನ್ನು ತಪ್ಪದೆ ಕರೆದೊಯ್ಯುವ ತಾಣ ಮರ್‌ಲಯನ್ ಪ್ರತಿಮೆ. ಅಲ್ಲಿ ಛಾಯಾಚಿತ್ರ ತೆಗೆಸಿಕೊಂಡು, ನದಿಯ ದಂಡೆಗುಂಟ ಸ್ವಲ್ಪ ದೂರ ನಡೆದರೆ ಬಿಳಿಯ ಬಣ್ಣದ ಹಳೆಯ ಕಟ್ಟಡವೊಂದು ಎದುರಾಗುತ್ತದೆ. ಅದರ ಮುಂದೆ ಎತ್ತರದ ಪೀಠದ ಮೇಲೆ ಕಂಚಿನ ಆನೆ. ಸಯಾಮಿನ ದೊರೆ ಚುಲಾಲಂಕರಣ 1871ರಲ್ಲಿ ಈ ನಗರಕ್ಕೆ ಭೇಟಿಯಿತ್ತ ನೆನಪಿಗೆ ಕೊಟ್ಟ ಕಾಣಿಕೆ ಅದು. ಆನೆಯನ್ನು ಕಂಡು ಮೈಸೂರನ್ನು ನೆನೆಯುವ ನಮ್ಮ ಹಿರಿಯರು ಒಳಗೇನಿದೆ ಎಂದು ಕೇಳುವುದು ಅಪರೂಪ. ಇಂದು ಅದು ಕಲಾಮಂದಿರ. ಸಂಗೀತ ಕಛೇರಿಗಳು, ಪುಸ್ತಕ ಬಿಡುಗಡೆಗಳು ಅಲ್ಲಿ ನಡೆಯುತ್ತವೆ. ಆದರೆ 1999ರವರೆಗೆ ಈ ದೇಶದ ಸಂಸತ್ತು ಕೂಡುತ್ತಿದ್ದುದು ಅಲ್ಲಿಯೇ. ಅದಕ್ಕೂ ಮುನ್ನ, ಬ್ರಿಟಿಷರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ವಸಾಹತಿನ ಶಾಸನ ಸಭೆ ಕೂಡುತ್ತಿದ್ದುದೂ ಅಲ್ಲಿಯೇ.

1827ರಲ್ಲಿ ವ್ಯಾಪಾರಿಯೊಬ್ಬನಿಗಾಗಿ ವಾಸ್ತುಶಿಲ್ಪಿ ಜಾರ್ಜ್ ಕೋಲ್‌ಮನ್ ಕಟ್ಟಿದ ಮನೆ ಅದು. ಆ ವ್ಯಾಪಾರಿ ಅದರಲ್ಲಿ ಒಂದು ದಿನವೂ ವಾಸಿಸಲಿಲ್ಲ. ನ್ಯಾಯಾಲಯವಾಗಿ, ಸರ್ಕಾರಿ ಕಚೇರಿಯಾಗಿ, ಕೊನೆಗೆ ಶಾಸನ ಸಭೆಯ ಭವನವಾಗಿ ಅದು ರೂಪ ಬದಲಿಸುತ್ತ ಬಂತು. ಆ ಸಭೆಯಲ್ಲಿ ಮೊದಲ ಮುಖ್ಯಮಂತ್ರಿಯಾಗಿ ಕುಳಿತ ವ್ಯಕ್ತಿ ಚೀನೀಯನಲ್ಲ, ಮಲಯನಲ್ಲ, ಭಾರತೀಯನೂ ಅಲ್ಲ. ಬಾಗ್ದಾದ್ ಮೂಲದ ಯಹೂದಿ ಕುಟುಂಬದ ಕುಡಿ, ಡೇವಿಡ್ ಸಾಲ್ ಮಾರ್ಷಲ್. ಅವರು ಅಧಿಕಾರದಲ್ಲಿದ್ದುದು ಕೇವಲ ಹದಿನಾಲ್ಕು ತಿಂಗಳು. ಆದರೆ ಹೊರಗಿನಿಂದ ಬಂದು ನೆಲೆಸಿದವನಿಗೆ ಈ ನೆಲದಲ್ಲಿ ಯಾವ ಹಕ್ಕು, ಯಾವ ಭಾಷೆ, ಯಾವ ಗೌರವ ಎಂಬ ಪ್ರಶ್ನೆಯನ್ನು ಅವರಷ್ಟು ನೇರವಾಗಿ ಆ ಸಭೆಯ ಮುಂದಿಟ್ಟವರು ಕಡಮೆ. ಇಲ್ಲಿಗೆ ಬರಲು ಹವಣಿಸುತ್ತಿರುವ ನಮ್ಮ ಯುವಕ ಯುವತಿಯರು ಅವರ ಬದುಕನ್ನು ಅರಿಯಬೇಕಾದ ಕಾರಣವೂ ಇದೇ.

ಮಾರ್ಷಲ್ ಹುಟ್ಟಿದ್ದು 1908ರ ಮಾರ್ಚ್ 12ರಂದು, ಸಿಂಗಪುರದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಯಹೂದಿ ವರ್ತಕರು ಮುಂಬಯಿ, ಕಲ್ಕತ್ತ, ರಂಗೂನ್ ಮಾರ್ಗವಾಗಿ ಪೂರ್ವದ ಬಂದರುಗಳಿಗೆ ಹರಡಿದರು. ಸಿಂಗಪುರವೂ ಆ ಸರಣಿಯಲ್ಲಿ ಸೇರಿತ್ತು. 1867ರವರೆಗೆ ಈ ದ್ವೀಪದ ಆಡಳಿತವೇ ಭಾರತದ ಬ್ರಿಟಿಷ್ ಸರ್ಕಾರದ ಕೈಯಲ್ಲಿತ್ತೆಂಬುದನ್ನು ನೆನೆದರೆ ಈ ನಂಟು ಅಚ್ಚರಿಯದಲ್ಲ. ಕುಟುಂಬದ ಮೂಲ ಹೆಸರು ಮಶಾಲ್. ಮಗನ ಬಾಲ್ಯದಲ್ಲಿಯೇ ಅದು ಇಂಗ್ಲಿಷಿನ ಕಿವಿಗೆ ಒಗ್ಗುವ ಮಾರ್ಷಲ್ ಆಯಿತು. ಮನೆಯಲ್ಲಿ ಧರ್ಮನಿಷ್ಠೆ ಗಾಢವಾಗಿತ್ತು. ಶಾಲೆಗಳು ಮಾತ್ರ ಕ್ರೈಸ್ತ ಮಿಷನರಿಗಳವು, ಬಳಿಕ ಸರ್ಕಾರಿ ರಾಫಲ್ಸ್ ಸಂಸ್ಥೆ. ಚೀನೀ, ಮಲಯ, ತಮಿಳು, ಯೂರೇಷಿಯನ್ ಮಕ್ಕಳ ನಡುವೆ, ತನ್ನವರು ಬೆರಳೆಣಿಕೆಯಷ್ಟೇ ಇರುವ ಹುಡುಗನಾಗಿ ಅವರು ಬೆಳೆದರು. ಸಂಖ್ಯೆಯ ಬಲವಿಲ್ಲದವನಿಗೆ ಮಾತಿನ ಬಲವೇ ಆಸರೆ ಎಂಬುದನ್ನು ಅವರು ಚಿಕ್ಕಂದಿನಲ್ಲಿಯೇ ಕಂಡುಕೊಂಡಿರಬೇಕು.

ಆ ಕಾಲದ ಮೇಧಾವಿ ವಿದ್ಯಾರ್ಥಿಗಳ ಕನಸು ಇಂಗ್ಲೆಂಡಿನಲ್ಲಿ ಓದಲು ದೊರೆಯುತ್ತಿದ್ದ ರಾಣಿಯ ವಿದ್ಯಾರ್ಥಿವೇತನ. ಮಾರ್ಷಲ್ ಕೂಡ ಅದಕ್ಕಾಗಿ ಹಗಲಿರುಳು ಓದಿದರು. ಪರೀಕ್ಷೆ ಸಮೀಪಿಸುವ ವೇಳೆಗೆ ದೇಹ ಕುಸಿಯಿತು, ಕ್ಷಯ ತಗುಲಿತು. ಚಿಕಿತ್ಸೆಗಾಗಿ ಸ್ವಿಟ್ಜರ್ಲೆಂಡಿಗೆ ಹೋದ ಅವರು ಆರೋಗ್ಯದೊಡನೆ ಫ್ರೆಂಚ್ ಭಾಷೆಯನ್ನೂ ಸಂಪಾದಿಸಿಕೊಂಡು ಮರಳಿದರು. ಬಳಿಕ ಕೆಲವು ವರ್ಷ ಗುಮಾಸ್ತರಾಗಿ, ಮಾರಾಟಗಾರರಾಗಿ, ಫ್ರೆಂಚ್ ಕಲಿಸುವ ಉಪಾಧ್ಯಾಯರಾಗಿ ದುಡಿದರು. ಹಣ ಕೂಡಿಟ್ಟುಕೊಂಡು 1934ರಲ್ಲಿ ಲಂಡನ್ನಿಗೆ ತೆರಳಿ ಕಾನೂನು ಓದಿದರು. ಮಿಡಲ್ ಟೆಂಪಲ್‌ನಿಂದ 1937ರಲ್ಲಿ ಬ್ಯಾರಿಸ್ಟರ್ ಆಗಿ ಸಿಂಗಪುರಕ್ಕೆ ಹಿಂದಿರುಗಿದಾಗ ಅವರ ವಯಸ್ಸು ಮೂವತ್ತರ ಸಮೀಪವಿತ್ತು. ತಡವಾಗಿ ಓದು ಮುಗಿಸಿ ಪರದೇಶದಲ್ಲಿ ಬದುಕು ಕಟ್ಟಲು ಹೊರಟವರಿಗೆ ಈ ಭಾಗ ಧೈರ್ಯ ಹೇಳೀತು.

ಯೂರೋಪಿನಲ್ಲಿ ಯುದ್ಧದ ಮೋಡ ಕವಿಯುತ್ತಿದ್ದಂತೆ 1938ರಲ್ಲಿ ಅವರು ಸ್ಥಳೀಯ ಸ್ವಯಂಸೇವಕ ಪಡೆಗೆ ಸೇರಿದರು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಯುದ್ಧಕೈದಿಯಾದರು. ಚಾಂಗಿಯ ಸೆರೆಯಿಂದ ಅವರನ್ನು ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪಕ್ಕೆ ಒಯ್ದರು. ಭೂಮಧ್ಯರೇಖೆಯ ಬಿಸಿಲಿನಲ್ಲಿ ಬೆಳೆದ ದೇಹ, ಮೊದಲೇ ಕ್ಷಯದಿಂದ ನಲುಗಿದ ಶ್ವಾಸಕೋಶ, ಅಲ್ಲಿನ ಹಿಮದಲ್ಲಿ ಬಲವಂತದ ದುಡಿಮೆ. 1945ರಲ್ಲಿ ಬಿಡುಗಡೆಯಾದಾಗ ಅವರ ಮನೆಯವರು ಆಸ್ಟ್ರೇಲಿಯದಲ್ಲಿದ್ದರು. ಅವರೊಡನೆ ಕೆಲಕಾಲ ಚೇತರಿಸಿಕೊಂಡು 1946ರಲ್ಲಿ ಸಿಂಗಪುರಕ್ಕೆ ಬಂದರು. ಆಸ್ಟ್ರೇಲಿಯದಲ್ಲಿಯೇ ಉಳಿಯಬಹುದಿತ್ತು. ಆದರೆ ಹುಟ್ಟಿದ ಊರನ್ನೇ ಆರಿಸಿಕೊಂಡರು.

ಮುಂದಿನ ಹತ್ತು ವರ್ಷಗಳಲ್ಲಿ ಮಾರ್ಷಲ್ ಮಲಯ ಪ್ರಾಂತದಲ್ಲೇ ಹೆಸರಾಂತ ಕ್ರಿಮಿನಲ್ ವಕೀಲರಾದರು. ಪೊದೆ ಹುಬ್ಬು, ಬಾಯಲ್ಲಿ ಪೈಪು, ಗುಡುಗಿನ ದನಿ. ಕೊಲೆ ಮೊಕದ್ದಮೆಗಳಲ್ಲಿ ಜ್ಯೂರಿಯ ಮುಂದೆ ಅವರು ವಾದಿಸುವುದನ್ನು ಕೇಳಲು ನ್ಯಾಯಾಲಯದಲ್ಲಿ ಜನ ಕಿಕ್ಕಿರಿಯುತ್ತಿದ್ದರು. ಹಣವೂ ಕೀರ್ತಿಯೂ ಬಂದವು. ಆದರೆ ಸೆರೆಮನೆಯಿಂದ ಮರಳಿದವರ ಕಣ್ಣಿಗೆ ಹಳೆಯ ವಸಾಹತು ಹಾಗೆಯೇ ಕಾಣಲಿಲ್ಲ. ತಮ್ಮನ್ನು ಕಾಪಾಡಲಾರದೆ ಶರಣಾದವರೇ ಮತ್ತೆ ಒಡೆಯರಾಗಿ ಬಂದು ಕುಳಿತಿದ್ದರು. ಉನ್ನತ ಹುದ್ದೆಗಳೂ ಪ್ರತಿಷ್ಠಿತ ಕ್ಲಬ್ಬುಗಳೂ ಬಿಳಿಯರಿಗೇ ಮೀಸಲಾಗಿದ್ದವು.

ಆಗಿನ ಶಾಸನ ವ್ಯವಸ್ಥೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಯುದ್ಧಾನಂತರ ಸಿಂಗಪುರವನ್ನು ಮಲಯದಿಂದ ಬೇರ್ಪಡಿಸಿ ಪ್ರತ್ಯೇಕ ವಸಾಹತನ್ನಾಗಿ ಮಾಡಲಾಯಿತು. 1948ರಲ್ಲಿ ಶಾಸನ ಪರಿಷತ್ತಿಗೆ ಮೊದಲ ಬಾರಿ ಚುನಾವಣೆ ನಡೆಯಿತು. ಇಪ್ಪತ್ತೆರಡು ಸದಸ್ಯರ ಆ ಪರಿಷತ್ತಿನಲ್ಲಿ ಜನರಿಂದ ಚುನಾಯಿತರಾಗಬಹುದಾಗಿದ್ದವರು ಆರೇ ಮಂದಿ. ಬ್ರಿಟಿಷ್ ಪ್ರಜೆಗಳಿಗೆ ಮಾತ್ರ ಮತ. ಅವರೂ ತಾವಾಗಿ ಹೋಗಿ ಹೆಸರು ನೋಂದಾಯಿಸಬೇಕು. ಹೀಗಾಗಿ ನೋಂದಾಯಿತರಾದವರು ಸುಮಾರು 22 ಸಾವಿರ ಜನ. ಭಾರತದಿಂದ ಬಂದವರು ಬ್ರಿಟಿಷ್ ಪ್ರಜೆಗಳೆಂಬ ಕಾರಣದಿಂದ ಮತ ಪಡೆದರು. ಚೀನದಲ್ಲಿ ಹುಟ್ಟಿ ದಶಕಗಳಿಂದ ಇಲ್ಲಿಯೇ ಬೆವರು ಸುರಿಸುತ್ತಿದ್ದ ಎರಡು ಲಕ್ಷಕ್ಕೂ ಹೆಚ್ಚು ಜನ ಕಾನೂನಿನ ಕಣ್ಣಿನಲ್ಲಿ ಪರಕೀಯರಾಗಿದ್ದರು. 1951ರಲ್ಲಿ ಚುನಾಯಿತ ಸ್ಥಾನಗಳು ಒಂಬತ್ತಾದವು, ಮತದಾರರು ಸುಮಾರು 48 ಸಾವಿರಕ್ಕೆ ಏರಿದರು. ಆದರೂ ಅದು ಇಂಗ್ಲಿಷ್ ಬಲ್ಲ ಉಳ್ಳವರ ಕೂಟವಾಗಿಯೇ ಉಳಿಯಿತು.

ಈ ಸ್ಥಿತಿಯನ್ನು ಬದಲಿಸಿದ್ದು ಸರ್ ಜಾರ್ಜ್ ರೆಂಡೆಲ್ ಅವರ ಅಧ್ಯಕ್ಷತೆಯ ಆಯೋಗ. ಅದರ ಶಿಫಾರಸಿನಂತೆ 32 ಸದಸ್ಯರ ಶಾಸನ ಸಭೆ ರೂಪುಗೊಂಡಿತು. ಅದರಲ್ಲಿ 25 ಮಂದಿ ಚುನಾಯಿತರು, ನಾಲ್ವರು ನಾಮನಿರ್ದೇಶಿತರು, ಉಳಿದ ಮೂವರು ಪದನಿಮಿತ್ತ ಸದಸ್ಯರಾದ ಬ್ರಿಟಿಷ್ ಅಧಿಕಾರಿಗಳು. ಹಣಕಾಸು, ಆಂತರಿಕ ಭದ್ರತೆ, ರಕ್ಷಣೆ, ವಿದೇಶ ವ್ಯವಹಾರಗಳೆಲ್ಲ ಅಧಿಕಾರಿಗಳ ಕೈಯಲ್ಲಿ. ಮುಖ್ಯಮಂತ್ರಿಗೆ ಉಳಿದದ್ದು ವ್ಯಾಪಾರ, ಶಿಕ್ಷಣ, ಕಾರ್ಮಿಕ ವಿಷಯ, ವಸತಿ ಮುಂತಾದ ಖಾತೆಗಳು. ಆದರೆ ಮತದಾರರ ಪಟ್ಟಿಗೆ ಹೆಸರು ತಾನಾಗಿಯೇ ಸೇರುವ ಪದ್ಧತಿ ಬಂದದ್ದರಿಂದ ಅದು ಮೂರು ಲಕ್ಷಕ್ಕೆ ಹಿಗ್ಗಿತು. ಆ ಹಿಗ್ಗುವಿಕೆಯ ಅರ್ಥವನ್ನು ಹಳೆಯ ನಾಯಕರು ಗ್ರಹಿಸಲಿಲ್ಲ. ಮಾರ್ಷಲ್ ಗ್ರಹಿಸಿದರು.

ಲಿಮ್ ಯೂ ಹಾಕ್, ಫ್ರಾನ್ಸಿಸ್ ಥಾಮಸ್ ಮುಂತಾದವರು 1954ರಲ್ಲಿ ಕಟ್ಟಿದ ಲೇಬರ್ ಫ್ರಂಟ್ ಪಕ್ಷಕ್ಕೆ ಮಾರ್ಷಲ್ ನಾಯಕರಾದರು. ಸರ್ಕಾರಿ ಕಚೇರಿಗಳಿದ್ದ ಎಂಪ್ರೆಸ್ ಪ್ಲೇಸ್‌ನಲ್ಲಿ ಮಧ್ಯಾಹ್ನದ ಊಟದ ವಿರಾಮದ ವೇಳೆ ಒಂದು ಮರದ ನೆರಳಿನಲ್ಲಿ ನಿಂತು ಭಾಷಣ ಮಾಡುತ್ತಿದ್ದರು. ಆ ಮರಕ್ಕೆ ಹಳೆಯ ಸೇಬಿನ ಮರ ಎಂಬ ಹೆಸರು ಬಿತ್ತು. ಸೇಬು ಬೆಳೆಯದ ಈ ನಾಡಿನಲ್ಲಿ ಅದು ತಮಾಷೆಯ ಹೆಸರೇ ಸರಿ. ಗುಮಾಸ್ತರು, ಜವಾನರು, ಹಡಗುಕಟ್ಟೆಯ ಕೂಲಿಗಳು ಕೇಳಲು ನೆರೆಯುತ್ತಿದ್ದರು. ತುರ್ತು ಕಾಯಿದೆಗಳ ರದ್ದತಿ, ಸ್ಥಳೀಯರಿಗೆ ಸರ್ಕಾರಿ ಹುದ್ದೆ, ಚೀನದಲ್ಲಿ ಹುಟ್ಟಿದವರಿಗೂ ಪೌರತ್ವ, ಶಾಸನ ಸಭೆಯಲ್ಲಿ ಜನರ ಭಾಷೆಗಳಿಗೆ ಸ್ಥಾನ, ಇವು ಅವರ ವಾಗ್ದಾನಗಳಾಗಿದ್ದವು.

1955ರ ಏಪ್ರಿಲ್ 2ರಂದು ಚುನಾವಣೆ ನಡೆಯಿತು. ಪ್ರೊಗ್ರೆಸಿವ್ ಪಕ್ಷವೇ ಗೆಲ್ಲುವುದೆಂದು ಬ್ರಿಟಿಷರು ನಂಬಿದ್ದರು. ಅದಕ್ಕೆ ದಕ್ಕಿದ್ದು ನಾಲ್ಕು ಸ್ಥಾನ. ಲೇಬರ್ ಫ್ರಂಟ್‌ಗೆ ಹತ್ತು. ಕೇರ್ನ್‌ಹಿಲ್ ಕ್ಷೇತ್ರದಲ್ಲಿ ಪ್ರೊಗ್ರೆಸಿವ್ ಪಕ್ಷದ ನಾಯಕ ಸಿ.ಸಿ. ಟಾನ್ ಅವರನ್ನೇ ಮಾರ್ಷಲ್ ಸೋಲಿಸಿದರು. ಹೊಸ ಪಕ್ಷವಾದ ಪೀಪಲ್ಸ್ ಆ್ಯಕ್ಷನ್ ಪಾರ್ಟಿ ಮೂರು ಸ್ಥಾನ ಗಳಿಸಿತು. ಅದರ ನಾಯಕ ಮೂವತ್ತೊಂದರ ಹರೆಯದ ವಕೀಲ ಲೀ ಕ್ವಾನ್ ಯೂ. ಮೈತ್ರಿಕೂಟದ ಮೂವರು, ನಾಮನಿರ್ದೇಶಿತರು, ಅಧಿಕಾರಿಗಳು ಬೆಂಬಲಿಸಿದರೆ ಮಾತ್ರ ನಿಲ್ಲಬಲ್ಲ ಅಲ್ಪಮತದ ಸರ್ಕಾರವನ್ನು ಮಾರ್ಷಲ್ ರಚಿಸಿದರು. ತಾವು ಎದುರಿಸಬೇಕಾದವರ ಬೆಂಬಲದಿಂದಲೇ ನಿಲ್ಲಬೇಕಾದ ಸರ್ಕಾರ ಅದು.

ಮುಖ್ಯಮಂತ್ರಿಯಾದವರಿಗೆ ಕೂರಲು ಕೋಣೆಯೇ ಇರಲಿಲ್ಲ. ಗವರ್ನರ್ ಸರ್ ಜಾನ್ ನಿಕೋಲ್ ಅವರ ದೃಷ್ಟಿಯಲ್ಲಿ ಆ ಪದವಿ ಒಂದು ಅಲಂಕಾರ. ಕಚೇರಿ ಕೊಡದಿದ್ದರೆ ಅದೇ ಮರದ ಕೆಳಗೆ ಮೇಜು ಹಾಕಿಕೊಂಡು ಕೂರುವೆನೆಂದು ಮಾರ್ಷಲ್ ತಿಳಿಸಿದ ಬಳಿಕ ಮೆಟ್ಟಿಲುಗಳ ಕೆಳಗಿನ ಸಣ್ಣ ಕೋಣೆಯೊಂದು ದೊರೆಯಿತು. ಕೋಟು ಟೈಗಳ ಸಭೆಗೆ ಅವರು ತೆರೆದ ಕೊರಳಿನ ಬುಶ್ ಜಾಕೆಟ್ ತೊಟ್ಟು ಬಂದರು. ಶಿಷ್ಟರು ಹುಬ್ಬುಗಂಟಿಕ್ಕಿದರು, ಬೀದಿಯ ಜನಕ್ಕೆ ಸಂತೋಷವಾಯಿತು.

ಸಂತೋಷಕ್ಕೆ ಹೆಚ್ಚು ಆಯುಸ್ಸಿರಲಿಲ್ಲ. ಅಧಿಕಾರ ವಹಿಸಿ ಐದು ವಾರ ಕಳೆಯುವಷ್ಟರಲ್ಲಿ ಹಾಕ್ ಲೀ ಬಸ್ ಕಂಪನಿಯ ಮುಷ್ಕರ ಹಿಂಸೆಗೆ ತಿರುಗಿತು. ವಜಾಗೊಂಡ ಕಾರ್ಮಿಕರ ಬೆಂಬಲಕ್ಕೆ ಚೀನೀ ಪ್ರೌಢಶಾಲೆಗಳ ವಿದ್ಯಾರ್ಥಿಗಳು ಬಂದರು. ಮೇ 12ರ ಗಲಭೆಯಲ್ಲಿ ನಾಲ್ವರು ಸತ್ತರು, ಮೂವತ್ತೊಂದು ಜನ ಗಾಯಗೊಂಡರು. ಕಠಿಣ ಕ್ರಮಕ್ಕೆ ಬ್ರಿಟಿಷರು ಒತ್ತಾಯಿಸಿದರು. ಹಸಿದವನ ಮೇಲೆ ಗುಂಡು ಹಾರಿಸಿ ಆಳಲು ಮಾರ್ಷಲ್ ಮನಸ್ಸು ಒಪ್ಪಲಿಲ್ಲ. ಆಳುವವರ ಕಣ್ಣಿಗೆ ಅವರು ದುರ್ಬಲರಾಗಿ ಕಂಡರು, ಎಡಪಂಥೀಯರ ಕಣ್ಣಿಗೆ ಬ್ರಿಟಿಷರ ಕೈಗೊಂಬೆಯಾಗಿ ಕಂಡರು. ಆದರೆ ಗಲಭೆಯ ಹಿಂದಿನ ನೋವು ಅವರಿಗೆ ಅರ್ಥವಾಗಿತ್ತು. ಚೀನೀ ಮಾಧ್ಯಮದಲ್ಲಿ ಓದಿದವರಿಗೆ ಸರ್ಕಾರದ ನೆರವೂ ಇರಲಿಲ್ಲ, ಕೆಲಸವೂ ದೊರೆಯುತ್ತಿರಲಿಲ್ಲ. ಅವರು ನೇಮಿಸಿದ ಸರ್ವಪಕ್ಷ ಸಮಿತಿ ಇಂಗ್ಲಿಷ್, ಚೀನೀ, ಮಲಯ, ತಮಿಳು ಮಾಧ್ಯಮದ ಶಾಲೆಗಳನ್ನು ಸಮನಾಗಿ ಕಾಣಬೇಕೆಂದು 1956ರಲ್ಲಿ ವರದಿಯಿತ್ತಿತು. ಸಿಂಗಪುರದ ಮುಂದಿನ ಶಿಕ್ಷಣ ನೀತಿಯ ಅಡಿಗಲ್ಲು ಅದೇ.

1955ರ ಜುಲೈಯಲ್ಲಿ ಹೊಸ ಗವರ್ನರ್ ಸರ್ ರಾಬರ್ಟ್ ಬ್ಲ್ಯಾಕ್ ಅವರೊಡನೆ ಜಟಾಪಟಿ ನಡೆಯಿತು. ಮುಖ್ಯಮಂತ್ರಿ ನಾಲ್ವರು ಸಹಾಯಕ ಮಂತ್ರಿಗಳನ್ನು ಕೇಳಿದರೆ ಗವರ್ನರ್ ಇಬ್ಬರಿಗೆ ಮಾತ್ರ ಒಪ್ಪಿದರು. ಹೊರನೋಟಕ್ಕೆ ಸಣ್ಣ ವಿಷಯ. ಆದರೆ ಜನ ಆರಿಸಿದವನ ಸಲಹೆ ಗವರ್ನರರನ್ನು ಕಟ್ಟಿಹಾಕುತ್ತದೆಯೋ ಇಲ್ಲವೋ ಎಂಬುದೇ ಒಳಗಿನ ಪ್ರಶ್ನೆ. ಮಾರ್ಷಲ್ ರಾಜೀನಾಮೆಯ ಬೆದರಿಕೆಯೊಡ್ಡಿ, ಕೂಡಲೇ ಸ್ವಯಮಾಡಳಿತ ಬೇಕೆಂಬ ನಿರ್ಣಯವನ್ನು ಸಭೆಯ ಮುಂದಿಟ್ಟರು. ಸಭೆ ಅದನ್ನು ಅಂಗೀಕರಿಸಿತು. ವಸಾಹತು ಖಾತೆಯ ಮಂತ್ರಿ ಅಲನ್ ಲೆನಕ್ಸ್-ಬಾಯ್ಡ್ ಸಿಂಗಪುರಕ್ಕೆ ಬರಬೇಕಾಯಿತು. ಸಲಹೆಯಂತೆ ನಡೆಯುವ ಪದ್ಧತಿ ಒಪ್ಪಿತವಾಯಿತು, ಲಂಡನ್ನಿನಲ್ಲಿ ಮಾತುಕತೆಗೂ ದಾರಿ ತೆರೆಯಿತು.

ಆ ಹದಿನಾಲ್ಕು ತಿಂಗಳಲ್ಲಿ ಅವರು ಮಾಡಿದ ಕೆಲಸಗಳು ಹಲವು. ಅಂಗಡಿ ಕಚೇರಿಗಳ ನೌಕರರ ದುಡಿಮೆಯ ವೇಳೆಗೆ ಮಿತಿ ಹಾಕುವ ಶಾಸನ ಬಂತು. ಬಿಳಿಯರ ಹುದ್ದೆಗಳಿಗೆ ಸ್ಥಳೀಯರನ್ನು ತರುವ ಆಯೋಗವನ್ನು ನೇಮಿಸಿದರು. ಅದರ ಅಧ್ಯಕ್ಷರು ಭಾರತೀಯ ಮೂಲದ ವೈದ್ಯ ಡಾ. ಬಿ.ಆರ್. ಶ್ರೀನಿವಾಸನ್. ಜನಸಾಮಾನ್ಯರು ನೇರವಾಗಿ ಬಂದು ಅಹವಾಲು ಹೇಳಿಕೊಳ್ಳುವ ಜನಸಂಪರ್ಕ ಸಭೆಗಳನ್ನು ಆರಂಭಿಸಿದವರೂ ಅವರೇ. ಇಂದಿಗೂ ನಮ್ಮ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಸಂಸತ್ ಸದಸ್ಯರು ಕುಳಿತು ಜನರ ಮನವಿಗಳನ್ನು ಕೇಳುವ ಪದ್ಧತಿಯ ಮೂಲ ಅದು. ಎಲ್ಲವೂ ಅವರ ಆದರ್ಶಕ್ಕೆ ಹೊಂದಿದ್ದವೆಂದೇನೂ ಅಲ್ಲ. ತುರ್ತು ಕಾಯಿದೆಗಳನ್ನು ತೆಗೆಯುವೆನೆಂದು ಮಾತು ಕೊಟ್ಟವರು, ವಿಚಾರಣೆಯಿಲ್ಲದೆ ಬಂಧಿಸಲು ಅವಕಾಶವಿರುವ ಸಾರ್ವಜನಿಕ ಭದ್ರತಾ ಶಾಸನವನ್ನು 1955ರಲ್ಲಿ ತಾವೇ ಸಭೆಯಲ್ಲಿ ಮಂಡಿಸಬೇಕಾಯಿತು. ಬಂಧಿತನು ನ್ಯಾಯಾಧೀಶರ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದೆಂಬ ವಿಧಿಯನ್ನು ಸೇರಿಸಿದರಾದರೂ, ವಕೀಲನಾಗಿ ಬದುಕಿಡೀ ಕಾಯ್ದುಕೊಂಡ ತತ್ತ್ವಕ್ಕೆ ಅದು ಒಪ್ಪುವಂಥದಾಗಿರಲಿಲ್ಲ. ಅಧಿಕಾರದ ಬೆಲೆಯನ್ನು ಅವರು ಅಲ್ಲಿ ತೆತ್ತರು.

ನಮ್ಮಂಥವರಿಗೆ ಮುಖ್ಯವೆನಿಸುವ ದಿನ 1956ರ ಫೆಬ್ರವರಿ 9. ಅಂದು ಶಾಸನ ಸಭೆ ತನ್ನ ಚರ್ಚೆಗಳಲ್ಲಿ ಇಂಗ್ಲಿಷಿನೊಡನೆ ಮಲಯ, ಮ್ಯಾಂಡರಿನ್, ತಮಿಳುಗಳನ್ನೂ ಬಳಸಬಹುದೆಂಬ ನಿರ್ಣಯವನ್ನು ಕೈಗೊಂಡಿತು. ಇಂಗ್ಲಿಷ್ ಬಾರದ ಬಹುಜನರನ್ನು ಶಾಸನ ಸಭೆಯ ಬಾಗಿಲಿನಿಂದ ದೂರವಿಟ್ಟಿದ್ದ ಗೋಡೆಗೆ ಅದು ಮೊದಲ ಬಿರುಕು. ಇಂದು ರೈಲು ನಿಲ್ದಾಣಗಳ ಎಚ್ಚರಿಕೆ ಫಲಕಗಳಲ್ಲಿ ತಮಿಳನ್ನು ಕಂಡು ಬೆರಗಾಗುವ ನಮ್ಮ ಬಂಧುಗಳು ಕನ್ನಡವೇಕಿಲ್ಲವೆಂದು ಕೇಳುವುದುಂಟು. ಭಾರತದಿಂದ ಬಂದವರಲ್ಲಿ ಆಗ ತಮಿಳರೇ ಬಹುಸಂಖ್ಯಾತರು. ನಾಲ್ಕು ಭಾಷೆಗಳ ಚೌಕಟ್ಟು ಆ ಕಾಲದಲ್ಲಿಯೇ ಬಿದ್ದದ್ದು. ಮುಂದೆ ಶಾಲೆಗಳಲ್ಲಿ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೆ ಅವಕಾಶ ದೊರೆತರೂ ಕನ್ನಡಕ್ಕೆ ದೊರೆಯಲಿಲ್ಲ. ಹೀಗಾಗಿ ಇಲ್ಲಿನ ಕನ್ನಡದ ಮಕ್ಕಳು ಶಾಲೆಯಲ್ಲಿ ಸಾಮಾನ್ಯವಾಗಿ ಹಿಂದಿಯನ್ನೋ ತಮಿಳನ್ನೋ ಕಲಿಯುತ್ತಾರೆ. ಕನ್ನಡ ಮನೆಯ ಮಾತಾಗಿ, ವಾರಾಂತ್ಯದ ತರಗತಿಯ ಅಕ್ಷರವಾಗಿ ಉಳಿದಿದೆ. ಮಕ್ಕಳೊಡನೆ ಬರುವವರು ಇದನ್ನು ಮೊದಲೇ ಅರಿತಿರುವುದು ಒಳಿತು.

ಲಂಡನ್ ಮಾತುಕತೆಗೆ ಮುನ್ನ, 1956ರ ಮಾರ್ಚ್‌ನಲ್ಲಿ, ಮೆರ್ಡೆಕಾ ಸಪ್ತಾಹ ನಡೆಯಿತು. ಮೆರ್ಡೆಕಾ ಎಂದರೆ ಮಲಯ ಭಾಷೆಯಲ್ಲಿ ಸ್ವಾತಂತ್ರ್ಯ. ಸ್ವಾತಂತ್ರ್ಯ ಬೇಡುವ ಮನವಿಗೆ ಸುಮಾರು 1,67,000 ಜನ ಸಹಿ ಹಾಕಿದರು. ಹಳೆಯ ಕಲಾಂಗ್ ವಿಮಾನ ನಿಲ್ದಾಣದ ಬಯಲಿನಲ್ಲಿ ನಡೆದ ಸಭೆಗೆ ಸಹಸ್ರಾರು ಜನ ಬಂದರು. ಆದರೆ ಗುಂಪು ಹತೋಟಿ ತಪ್ಪಿ ವೇದಿಕೆಗೆ ನುಗ್ಗಿ, ಕಲ್ಲು ತೂರಾಟ ನಡೆದು, ಸಭೆ ಗೊಂದಲದಲ್ಲಿ ಮುಗಿಯಿತು. ಈ ಜನಕ್ಕೆ ಭದ್ರತೆಯನ್ನು ಒಪ್ಪಿಸಬಹುದೇ ಎಂದು ಹಿಂಜರಿಯುತ್ತಿದ್ದ ಬ್ರಿಟಿಷರಿಗೆ ಒಳ್ಳೆಯ ನೆಪ ಸಿಕ್ಕಿತು.

ಏಪ್ರಿಲ್ ಅಂತ್ಯದಲ್ಲಿ ಹದಿಮೂರು ಜನರ ಸರ್ವಪಕ್ಷ ನಿಯೋಗ ಲಂಡನ್ನಿನಲ್ಲಿ ಕುಳಿತಿತು. 1957ರ ಏಪ್ರಿಲ್ ಒಳಗೆ ಪೂರ್ಣ ಆಂತರಿಕ ಸ್ವಯಮಾಡಳಿತ ದೊರೆಯಬೇಕೆಂಬುದು ಮಾರ್ಷಲ್ ಬೇಡಿಕೆ. ಚುನಾಯಿತ ಸಭೆ, ಪೌರತ್ವ ಮುಂತಾದ ವಿಷಯಗಳಲ್ಲಿ ಬ್ರಿಟಿಷರು ಬಹುದೂರ ಬಂದರು. ತೊಡಕಾದದ್ದು ಒಂದೇ: ಭದ್ರತಾ ಮಂಡಳಿಯಲ್ಲಿ ಸಮಬಲವಾದಾಗ ನಿರ್ಣಾಯಕ ಮತ ಯಾರದು? ತಮ್ಮ ಹೈಕಮಿಷನರರದು ಎಂದರು ಬ್ರಿಟಿಷರು. ಪೋಲೀಸರನ್ನು ಪರರು ಆಳುವ ಸ್ವಯಮಾಡಳಿತ ಸ್ವಯಮಾಡಳಿತವಲ್ಲವೆಂದು ಮಾರ್ಷಲ್ ಹೇಳಿದರು. ನೌಕಾನೆಲೆಯ ಚಿಂತೆ, ಸೈಪ್ರಸ್‌ನ ಗಲಭೆಯ ನೆನಪು ಬ್ರಿಟಿಷರನ್ನು ಕಾಡುತ್ತಿತ್ತು. ಮೇ 15ರಂದು ಮಾತುಕತೆ ಮುರಿಯಿತು. ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕಿತ್ತೆಂದು ನಿಯೋಗದಲ್ಲಿಯೇ ಕೆಲವರು ದೂರಿದರು.

ಸ್ವಯಮಾಡಳಿತ ತಾರದೆ ಹೋದರೆ ಪದವಿ ತ್ಯಜಿಸುವೆನೆಂದು ಮಾರ್ಷಲ್ ಹೇಳಿದ್ದರು. ಹಾಗೆಯೇ ಮಾಡಿದರು. 1956ರ ಜೂನ್ ಮೊದಲ ವಾರ ರಾಜೀನಾಮೆ ಕೊಟ್ಟು ಹಿಂದಿನ ಬೆಂಚಿಗೆ ಹೋದರು. ಲಿಮ್ ಯೂ ಹಾಕ್ ಮುಖ್ಯಮಂತ್ರಿಯಾದರು. ಆ ಬೇಸಗೆಯ ಬಳಿಕ ಮಾರ್ಷಲ್ ವಾಣಿಜ್ಯ ನಿಯೋಗದೊಡನೆ ಚೀನಕ್ಕೆ ಹೋದರು. ಚೌ ಎನ್‌ಲಾಯ್ ಅವರನ್ನು ಕಂಡು, ಹೊರನಾಡಿನ ಚೀನೀಯರು ತಾವು ನೆಲೆಸಿದ ದೇಶಕ್ಕೇ ನಿಷ್ಠರಾಗಿರಬೇಕೆಂಬ ವಿಷಯವನ್ನು ಚರ್ಚಿಸಿದರು. ಶಾಂಘೈಯಲ್ಲಿ ಸಿಲುಕಿದ್ದ ಯಹೂದಿಗಳು ಅಲ್ಲಿಂದ ಹೊರಡಲು ಅನುಮತಿ ಸಿಗುವಂತೆಯೂ ಕೇಳಿಕೊಂಡರು. ಎರಡು ಕಡೆಯ ವಲಸಿಗರ ಸಂಕಟ ಒಂದೇ ಪ್ರಯಾಣದಲ್ಲಿ ಅವರ ಕೈಯಲ್ಲಿತ್ತು.

ಲಿಮ್ 1957ರಲ್ಲಿ ಲಂಡನ್ನಿಗೆ ಹೋಗಿ ಒಪ್ಪಂದ ತಂದರು. ಭದ್ರತಾ ಮಂಡಳಿಯಲ್ಲಿ ಬ್ರಿಟಿಷರು ಮೂವರು, ಸಿಂಗಪುರದವರು ಮೂವರು, ನಿರ್ಣಾಯಕನಾಗಿ ಮಲಯ ಒಕ್ಕೂಟದ ಒಬ್ಬ ಪ್ರತಿನಿಧಿ. ತಾವು ತಿರಸ್ಕರಿಸಿದ್ದಕ್ಕಿಂತ ಇದು ಹೆಚ್ಚಿನದಲ್ಲವೆಂದು ಬಗೆದ ಮಾರ್ಷಲ್ ಕಟುವಾಗಿ ಟೀಕಿಸಿ, ಲೀ ಕ್ವಾನ್ ಯೂ ಅವರ ಸವಾಲಿನ ನಡುವೆ ಸಭೆಯ ಸದಸ್ಯತ್ವವನ್ನೂ ಬಿಟ್ಟರು. ಅದೇ ವರ್ಷ ಪೌರತ್ವ ಶಾಸನ ಬಂತು. ಚೀನದಲ್ಲಿ ಹುಟ್ಟಿ ಇಲ್ಲಿ ದೀರ್ಘಕಾಲ ನೆಲೆಸಿದವರು ನಿಷ್ಠೆಯ ಪ್ರಮಾಣ ಮಾಡಿ ಪೌರರಾಗುವ ದಾರಿ ತೆರೆಯಿತು. ಮರದ ಕೆಳಗೆ ನಿಂತು ಮಾರ್ಷಲ್ ಕೊಟ್ಟ ಮಾತನ್ನು ಅವರ ಉತ್ತರಾಧಿಕಾರಿಯ ಸರ್ಕಾರ ಈಡೇರಿಸಿತು. 1959ರಲ್ಲಿ 51 ಸದಸ್ಯರ, ಪೂರ್ಣವಾಗಿ ಚುನಾಯಿತವಾದ ಸಭೆಗೆ ಮತದಾನ ನಡೆದಾಗ ಮತದಾರರ ಸಂಖ್ಯೆ ಸುಮಾರು 5 ಲಕ್ಷ 86 ಸಾವಿರ. ಮತದಾನ ಕಡ್ಡಾಯವಾಗಿತ್ತು. ಪೀಪಲ್ಸ್ ಆ್ಯಕ್ಷನ್ ಪಾರ್ಟಿ 43 ಸ್ಥಾನ ಗೆದ್ದಿತು, ಜೂನ್ 3ರಂದು ಸಿಂಗಪುರ ಸ್ವಯಮಾಡಳಿತ ಪಡೆಯಿತು. ಅದಕ್ಕಾಗಿ ಕೂಗಿದ ಮಾರ್ಷಲ್ ಆ ಸಭೆಯಲ್ಲಿರಲಿಲ್ಲ. ತಮ್ಮದೇ ಕೇರ್ನ್‌ಹಿಲ್‌ನಲ್ಲಿ ಲಿಮ್ ಯೂ ಹಾಕ್ ಎದುರು ಅವರು ಸೋತಿದ್ದರು.

1957ರ ನವೆಂಬರಿನಲ್ಲಿ ಅವರು ವರ್ಕರ್ಸ್ ಪಾರ್ಟಿ ಕಟ್ಟಿದ್ದರು. 1961ರ ಆ್ಯನ್ಸನ್ ಉಪಚುನಾವಣೆಯಲ್ಲಿ ಅಲ್ಪ ಅಂತರದಿಂದ ಗೆದ್ದು ಸಭೆಗೆ ಮರಳಿದರು. ಅದೇ ವರ್ಷ ಸಮಾಜಸೇವಕಿ ಜೀನ್ ಗ್ರೇ ಅವರನ್ನು ಮದುವೆಯಾದರು. ಐವತ್ಮೂರರ ವಯಸ್ಸಿನಲ್ಲಿ ಸಂಸಾರ ಹೂಡಿ ನಾಲ್ವರು ಮಕ್ಕಳ ತಂದೆಯಾದರು. 1963ರಲ್ಲಿ ಪಕ್ಷವನ್ನು ತೊರೆದು ಪಕ್ಷೇತರರಾಗಿ ನಿಂತು ಸೋತ ಬಳಿಕ ಚುನಾವಣೆಯ ಬದುಕು ಮುಗಿಯಿತು. ಅವರು ಕಟ್ಟಿದ ಪಕ್ಷ ಮಾತ್ರ ಉಳಿಯಿತು. ಇಪ್ಪತ್ತು ವರ್ಷಗಳ ಬಳಿಕ, 1981ರಲ್ಲಿ, ಅದೇ ಆ್ಯನ್ಸನ್‌ನಲ್ಲಿ ಅದೇ ಪಕ್ಷದ ಜೆ.ಬಿ. ಜಯರತ್ನಂ ಎಂಬ ಸಿಂಹಳದ ತಮಿಳು ಮೂಲದ ವಕೀಲರು ಗೆದ್ದು, ಸ್ವತಂತ್ರ ಸಿಂಗಪುರದ ಸಂಸತ್ತಿಗೆ ಚುನಾವಣೆಯಲ್ಲಿ ಗೆದ್ದುಬಂದ ಮೊದಲ ವಿರೋಧ ಪಕ್ಷದ ಸದಸ್ಯರಾದರು.

ಮಾರ್ಷಲ್ ನ್ಯಾಯಾಲಯಕ್ಕೆ ಮರಳಿದರು. 1969ರಲ್ಲಿ ಸರ್ಕಾರ ಜ್ಯೂರಿ ಪದ್ಧತಿಯನ್ನು ತೆಗೆದುಹಾಕಲು ಹೊರಟಾಗ ಸಂಸದೀಯ ಸಮಿತಿಯ ಮುಂದೆ ನಿಂತು ವಿರೋಧಿಸಿದರು. ಜ್ಯೂರಿಯನ್ನು ಮರುಳು ಮಾಡಿ ಆರೋಪಿಗಳನ್ನು ಬಿಡಿಸಿದ ವಕೀಲನೇ ಆ ಪದ್ಧತಿ ಸಲ್ಲದೆಂಬುದಕ್ಕೆ ಸಾಕ್ಷಿ ಎಂದು ಪ್ರಧಾನಿ ಲೀ ಕ್ವಾನ್ ಯೂ ಭಾವಿಸಿದ್ದರು. ಪದ್ಧತಿ ರದ್ದಾಯಿತು. 1972ರಲ್ಲಿ ವೃತ್ತಿಸಂಬಂಧವಾದ ಒಂದು ತಪ್ಪಿಗಾಗಿ ಆರು ತಿಂಗಳು ವಕೀಲಿಯಿಂದ ಅಮಾನತಾದ ಕಹಿಯನ್ನೂ ಅವರು ಉಂಡರು.

ಇಷ್ಟಾದರೂ ಬಾಗಿಲು ಮುಚ್ಚಿಕೊಂಡು ಕೂರಲಿಲ್ಲ. ಲೀ ಅವರ ವಿದೇಶಾಂಗ ಮಂತ್ರಿ ಎಸ್. ರಾಜರತ್ನಂ 1978ರಲ್ಲಿ ಕರೆದಾಗ, ಎಪ್ಪತ್ತರ ವಯಸ್ಸಿನಲ್ಲಿ ಫ್ರಾನ್ಸಿಗೆ ಸಿಂಗಪುರದ ರಾಯಭಾರಿಯಾಗಿ ಹೋದರು. ಕ್ಷಯ ಕಲಿಸಿದ ಫ್ರೆಂಚ್ ಈಗ ದೇಶದ ಕೆಲಸಕ್ಕೆ ಬಂತು. ಪೋರ್ಚುಗಲ್, ಸ್ಪೇನ್, ಸ್ವಿಟ್ಜರ್ಲೆಂಡುಗಳ ಹೊಣೆಯೂ ಸೇರಿತು. ದೇಶದೊಳಗೆ ಸರ್ಕಾರದ ಕಠಿಣ ಕಾನೂನುಗಳನ್ನು ಒಪ್ಪದವರು, ದೇಶದ ಹೊರಗೆ ಅದರ ಗೌರವವನ್ನು ಹದಿನೈದು ವರ್ಷ ಕಾಯ್ದರು. 1993ರಲ್ಲಿ ಊರಿಗೆ ಮರಳಿ ಮತ್ತೆ ಕಾನೂನು ಸಂಸ್ಥೆಯೊಂದರಲ್ಲಿ ಸಲಹೆಗಾರರಾದರು. 1995ರ ಡಿಸೆಂಬರ್ 12ರಂದು, ಎಂಬತ್ತೇಳರ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.

ಮಾರ್ಷಲ್ ಗೆದ್ದರೋ ಸೋತರೋ ಎಂದು ಇಂದಿಗೂ ಚರ್ಚೆಯುಂಟು. ಆವೇಶದ ಮನುಷ್ಯ, ರಾಜಕಾರಣದ ಲೆಕ್ಕ ಬಾರದವರು ಎಂಬ ಟೀಕೆಯಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅವರು ಬೇಡಿದ ನಾಲ್ಕು ಭಾಷೆಗಳ ಸಭೆ, ನೆಲೆಸಿದವನಿಗೆ ಪೌರತ್ವ, ಜನರ ಅಹವಾಲಿಗೆ ತೆರೆದ ಬಾಗಿಲು ಇವೆಲ್ಲ ಬೇರೆಯವರ ಕೈಯಿಂದಾದರೂ ನಿಂತವು.

ಇಲ್ಲಿಗೆ ಬರುವ ನಮ್ಮವರು ಮೊದಲ ವರ್ಷವೇ ಕೇಳುವ ಪ್ರಶ್ನೆ ಖಾಯಂ ನಿವಾಸದ ಪರವಾನಗಿ ಯಾವಾಗ ಎಂಬುದು. ಆ ಪರವಾನಗಿಯಿದ್ದರೂ ಇಲ್ಲಿ ಮತವಿಲ್ಲ, ಮತ ಪೌರರಿಗೆ ಮಾತ್ರ. ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗುತ್ತದೆ, ಎರಡೂ ದೇಶಗಳು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ತಂದೆತಾಯಿಯ ಮೂಲಕ ಖಾಯಂ ನಿವಾಸಿಯಾದ ಮಗ ಸೈನಿಕ ಸೇವೆಗೆ ಸಿದ್ಧನಾಗಬೇಕು. ಇವು ಕೇವಲ ಅರ್ಜಿಯ ಅಂಕಣಗಳಲ್ಲ. ಯಾವ ನೆಲವನ್ನು ನನ್ನದೆನ್ನಲಿ ಎಂಬ ಪ್ರಶ್ನೆಗೆ ಕೊಡುವ ಉತ್ತರಗಳು. ಪ್ರತಿ ಮನೆಯಲ್ಲೂ ಉತ್ತರ ಬೇರೆ. ಊರಿನಲ್ಲಿ ಕಾಯುವ ಹಿರಿಯರಿದ್ದಾರೆ, ಇಲ್ಲಿ ಬೆಳೆಯುವ ಮಕ್ಕಳಿದ್ದಾರೆ. ಯಾವುದನ್ನು ಆರಿಸಿದರೂ ಏನನ್ನೋ ಬಿಡಬೇಕು.

ಆಸ್ಟ್ರೇಲಿಯದ ಸುರಕ್ಷಿತ ಬದುಕನ್ನು ಬಿಟ್ಟು, ತನ್ನವರು ಬೆರಳೆಣಿಕೆಯಷ್ಟೇ ಇದ್ದ ಊರನ್ನು ತನ್ನದೆಂದು ಆರಿಸಿಕೊಂಡ ಮನುಷ್ಯನೊಬ್ಬನು ಆ ಬಿಳಿಯ ಕಟ್ಟಡದಲ್ಲಿ ಕುಳಿತು, ಪರಕೀಯರೆನಿಸಿಕೊಂಡ ಲಕ್ಷಾಂತರ ಜನರಿಗೂ ಅದೇ ಹಕ್ಕನ್ನು ಕೇಳಿದನೆಂಬುದು ನಮಗೆ ನೆನಪಿರಲಿ. ಮುಂದಿನ ಬಾರಿ ತಂದೆತಾಯಿಗಳು ಬಂದಾಗ ಮರ್‌ಲಯನ್ ನೋಡಿದ ಮೇಲೆ ಇನ್ನೂ ಹತ್ತು ನಿಮಿಷ ನಡೆಯಿರಿ. ಆನೆಯ ಹಿಂದಿನ ಬಾಗಿಲು ತೆರೆದಿದ್ದರೆ ಒಳಗೆ ಕರೆದೊಯ್ದು, ಸಭಾಂಗಣವನ್ನು ತೋರಿಸಿ, ಈ ಕಥೆಯನ್ನು ಕನ್ನಡದಲ್ಲಿ ಹೇಳಿ.